ಕೈಯಳತೆಗೆ ಒಗ್ಗದ ಸಾಸ್

ಟೊಮೆಟೊ ಬೆಲೆ ನೆಲಕಚ್ಚಿದ ವಾರ ಅಡುಗೆಮನೆಗಳಲ್ಲಿ ಒಂದು ಯೋಚನೆ ತಾನಾಗಿ ಹುಟ್ಟುತ್ತದೆ: ಇಷ್ಟು ಸೋವಿಗೆ ಸಿಗುವಾಗ ಐದಾರು ಕೆಜಿ ತಂದು ಸಾಸ್ ಮಾಡಿ ತುಂಬಿಟ್ಟರೆ ಹೇಗೆ? ಯೋಚನೆ ಒಳ್ಳೆಯದೇ. ಆದರೆ ಇದರಿಂದ ಬೆಳೆಗಾರನಿಗೆ ಉಪಕಾರವಾದೀತೆಂಬ ಭ್ರಮೆ ಬೇಡ. ಕೋಲಾರದ ಎಪಿಎಂಸಿಯಲ್ಲಿ 15 ಕೆಜಿಯ ಬಾಕ್ಸ್ 2023ರ ಜುಲೈಯಲ್ಲಿ ಎರಡು ಸಾವಿರ ರೂಪಾಯಿ ದಾಟಿತ್ತು. ಬೇರೆ ಹಂಗಾಮುಗಳಲ್ಲಿ ಕೀಳುವ ಕೂಲಿಯೂ ಹುಟ್ಟದೆ ಅದೇ ಹಣ್ಣನ್ನು ರೈತರು ರಸ್ತೆ ಬದಿಗೆ ಸುರಿದದ್ದನ್ನೂ ಕಂಡಿದ್ದೇವೆ. ಆ ಏರಿಳಿತಕ್ಕೆ ಮದ್ದು ಶೈತ್ಯಾಗಾರ, ಕಾರ್ಖಾನೆ ಮತ್ತು ಸಂಸ್ಕರಣೆಗೆ ಒಗ್ಗುವ ತಳಿ. ನಮ್ಮ ನಾಲ್ಕು ಬಾಟಲಿ ನಮ್ಮ ನಾಲಿಗೆಗಷ್ಟೇ.

ನಾಲಿಗೆಗಾಗಿ ಎಂದರೂ ಕಡಿಮೆಯೇನಲ್ಲ. ಹಣ್ಣನ್ನು ಹೆಚ್ಚಿ, ಮೆತ್ತಗೆ ಬೇಯಿಸಿ, ಜರಡಿಯಲ್ಲಿ ಉಜ್ಜಿ ಸಿಪ್ಪೆ ಬೀಜ ತೆಗೆದರೆ ಸಿಗುವುದು ನೀರಾದ ರಸ. ಟೊಮೆಟೊದಲ್ಲಿ ನೂರಕ್ಕೆ ತೊಂಬತ್ತನಾಲ್ಕು ಪಾಲು ನೀರೇ. ಈರುಳ್ಳಿ, ಬೆಳ್ಳುಳ್ಳಿ, ಶುಂಠಿ, ಚಕ್ಕೆ, ಲವಂಗ, ಮೆಣಸು, ಜೀರಿಗೆಗಳನ್ನು ತೆಳುಬಟ್ಟೆಯಲ್ಲಿ ಗಂಟು ಕಟ್ಟಿ ರಸದೊಳಗೆ ಇಳಿಬಿಡಬೇಕು. ಮಸಾಲೆಯನ್ನು ರುಬ್ಬಿ ಹಾಕಿದರೆ ಅದು ಗೊಜ್ಜಾಗುತ್ತದೆ, ಸಾಸ್ ಆಗುವುದಿಲ್ಲ. ಒಂದು ಕೆಜಿ ರಸಕ್ಕೆ 75 ಗ್ರಾಂ ಸಕ್ಕರೆ, 10 ಗ್ರಾಂ ಉಪ್ಪು, 25 ಮಿಲಿ ವಿನಿಗರ್ ಎಂಬುದು ನಮ್ಮ ಹಣ್ಣು ಸಂರಕ್ಷಣೆ ತರಬೇತಿಗಳಲ್ಲಿ ಹೇಳಿಕೊಡುವ ಲೆಕ್ಕ. ಸಕ್ಕರೆಯ ಮೂರನೇ ಒಂದು ಪಾಲು ಮೊದಲಿಗೆ, ಉಳಿದದ್ದೂ ಉಪ್ಪೂ ಕೊನೆಗೆ. ವಿನಿಗರ್ ಇಳಿಸುವ ಹೊತ್ತಿಗೆ. ಮೊದಲೇ ಸುರಿದರೆ ಹಬೆಯ ಜತೆ ಹಾರಿಹೋಗುತ್ತದೆ. ಹದ ಬಂದಿದೆಯೇ ಎಂದು ನೋಡಲು ಒಂದು ತೊಟ್ಟನ್ನು ತಟ್ಟೆಯ ಮೇಲೆ ಬಿಡಬೇಕು. ತೊಟ್ಟಿನ ಸುತ್ತ ತೆಳುನೀರು ಬಿಟ್ಟುಕೊಂಡರೆ ಇನ್ನೂ ಕುದಿಯಬೇಕು. ನೀರು ಬಿಡದೆ ಅಲ್ಲೇ ಗುಡ್ಡೆಯಾಗಿ ಕುಳಿತರೆ ಇಳಿಸಬಹುದು. ಐದು ಕೆಜಿ ಹಣ್ಣಿಗೆ ಎರಡು ಕೆಜಿ ಸಾಸ್ ಸಿಕ್ಕರೆ ಅದೇ ಹೆಚ್ಚು. ಗ್ಯಾಸಿನ ಖರ್ಚೂ ಸೇರಿಸಿದರೆ ಉಳಿತಾಯದ ಮಾತು ಆಡದಿರುವುದೇ ಲೇಸು.

ಬಣ್ಣ ಅಂಗಡಿಯದರಷ್ಟು ಕೆಂಪಾಗಿರುವುದಿಲ್ಲ, ತುಸು ಕಂದು. ಬೇಕಿದ್ದರೆ ಬ್ಯಾಡಗಿ ಮೆಣಸಿನಕಾಯಿ ಎರಡು ಹಾಕಿ. ಗೋಬಿ ಮಂಚೂರಿಗೆ ಸುರಿಯುತ್ತಿದ್ದ ಕೃತಕ ಬಣ್ಣವನ್ನು 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ನಿಷೇಧಿಸಬೇಕಾಗಿ ಬಂದ ನಾಡಿನಲ್ಲಿ ಕಂದು ಸಾಸ್ ತಿನ್ನಲು ನಾಚಿಕೆ ಏಕೆ?

ಇಷ್ಟರವರೆಗೆ ನಮ್ಮ ಹೆಂಗಸರಿಗೆ ಯಾರೂ ಏನೂ ಕಲಿಸಬೇಕಾಗಿಲ್ಲ. ತೊಡಕು ಇರುವುದು ಬಾಟಲಿಗೆ ತುಂಬಿ ಮುಚ್ಚುವಲ್ಲಿ. ಉಪ್ಪಿನಕಾಯಿ ಹಾಕಿ ಪಳಗಿದ ಕೈಗೆ ‘ಕೆಡದಂತೆ ಇಡುವುದು’ ಎಂದರೆ ಉಪ್ಪು, ಖಾರ, ಎಣ್ಣೆ, ಬಿಸಿಲು. ಒದ್ದೆ ಕೈ ಸೋಕಬಾರದು, ಭರಣಿಯ ಬಾಯಿಗೆ ಬಟ್ಟೆ ಕಟ್ಟಬೇಕು, ವಾರಕ್ಕೊಮ್ಮೆ ಕುಲುಕಬೇಕು. ಕೆಟ್ಟರೆ ಬೂಷ್ಟು ಕಣ್ಣಿಗೆ ಕಾಣುತ್ತದೆ, ವಾಸನೆ ಮೂಗಿಗೆ ಬಡಿಯುತ್ತದೆ. ನೂರಾರು ವರ್ಷಗಳ ಈ ಜಾಣ್ಮೆ ನಿಂತಿರುವುದೇ ಕಣ್ಣು ಮೂಗುಗಳ ಕಾವಲಿನ ಮೇಲೆ. ಗಾಳಿಯಾಡದಂತೆ ಮುಚ್ಚಿದ ಬಾಟಲಿಯಲ್ಲಿ ಆ ಕಾವಲು ನಡೆಯುವುದಿಲ್ಲ. ಅಲ್ಲಿ ಬೆಳೆಯಬಹುದಾದ ಬೊಟುಲಿಸಂ ರೋಗಾಣುವಿಗೆ ಗಾಳಿ ಇಲ್ಲದಿರುವುದೇ ಅನುಕೂಲ. ಅದರ ಬೀಜಕಣ ಕುದಿಯುವ ನೀರಿಗೆ ಸಾಯುವುದಿಲ್ಲ, 121 ಡಿಗ್ರಿಯ ಒತ್ತಡದ ಹಬೆ ಬೇಕು. ಅದು ಬಿಡುವ ವಿಷಕ್ಕೆ ಬಣ್ಣವಿಲ್ಲ, ವಾಸನೆ ಇರಲೇಬೇಕೆಂದೂ ಇಲ್ಲ.

ಅದನ್ನು ತಡೆಯುವುದು ಹುಳಿ. ಹುಳಿ ಹೆಚ್ಚಿದಷ್ಟೂ ಇಳಿಯುವ ಪಿಎಚ್ ಅಳತೆ 4.6ಕ್ಕಿಂತ ಕೆಳಗಿದ್ದರೆ ಆ ರೋಗಾಣು ಬೆಳೆಯುವುದಿಲ್ಲ. ಟೊಮೆಟೊ ಹುಳಿಯಲ್ಲವೇ ಎಂದು ಯಾರಾದರೂ ಕೇಳಿಯಾರು. ಹುಳಿಯೇ, ಆದರೆ ಗೆರೆಯ ಅಂಚಿನಲ್ಲಿ ನಿಂತ ಹುಳಿ. ಕೆಲವು ಹಣ್ಣು 4.3, ಕೆಲವು 4.6ರ ಮೇಲೆಯೂ ಹೋಗುತ್ತವೆ. ಹಣ್ಣು ಅತಿಯಾಗಿ ಮಾಗಿದಷ್ಟೂ ಹುಳಿ ಇಳಿಯುತ್ತದೆ. ಸಾಸಿಗೆಂದು ನಾವು ಕೊಳ್ಳುವುದಾದರೂ ಯಾವುದನ್ನು? ಸಂಜೆ ಸಂತೆ ಮುಗಿಯುವಾಗ ಗುಡ್ಡೆ ಲೆಕ್ಕದಲ್ಲಿ ಕೊಡುವ, ಮಾಗಿ ಮೆತ್ತಗಾದ ಹಣ್ಣನ್ನೇ. ಸೋವಿಯಾದದ್ದಕ್ಕೇ ಹುಳಿ ಕಡಿಮೆ. ಸಾಲದ್ದಕ್ಕೆ ಈರುಳ್ಳಿ, ಬೆಳ್ಳುಳ್ಳಿ ಸೇರಿದಷ್ಟೂ ಅದು ಇನ್ನೂ ತಗ್ಗುತ್ತದೆ.

ಬಾಟಲಿಯಲ್ಲಿ ಆಹಾರವನ್ನು ಕುದಿಸಿ ಮುಚ್ಚಿಡುವ ಉಪಾಯವನ್ನು ಕಂಡುಕೊಂಡದ್ದು ಫ್ರಾನ್ಸಿನ ನಿಕೋಲಾ ಅಪೆರ್ ಎಂಬ ಮಿಠಾಯಿಗಾರ. 1810ರಲ್ಲಿ ಅಲ್ಲಿನ ಸರ್ಕಾರ ಅವನಿಗೆ 12,000 ಫ್ರಾಂಕ್ ಬಹುಮಾನ ಕೊಟ್ಟಿತು. ಆಹಾರ ಏಕೆ ಕೆಡುವುದಿಲ್ಲ ಎಂಬುದು ಅವನಿಗೇ ಗೊತ್ತಿರಲಿಲ್ಲ. ಸೂಕ್ಷ್ಮಜೀವಿಗಳ ಕತೆ ಬಿಡಿಸಿ ಹೇಳಲು ಲೂಯಿ ಪಾಶ್ಚರ್ ಬರಬೇಕಾಯಿತು, ಅದೂ ಅರ್ಧ ಶತಮಾನದ ಮೇಲೆ. ಅಪೆರ್‌ನ ಕಾಲದಲ್ಲಿ ಏಕೆಂದು ತಿಳಿಯದೆಯೂ ಮಾಡಬಹುದಿತ್ತು. ತಿಳಿದ ಮೇಲೂ ಅಂದಾಜಿನಲ್ಲಿ ಮಾಡುವುದು ಮೊಂಡುತನ. ನಮ್ಮಲ್ಲಿ ತಿಳಿವಳಿಕೆಗೆ ಕೊರತೆಯೇನಿಲ್ಲ, ಮೈಸೂರಿನಲ್ಲಿ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಕೆಲಸ ಆರಂಭಿಸಿದ್ದೇ 1950ರಲ್ಲಿ.

ಹೀಗೆ ಮನೆಯಲ್ಲೇ ತುಂಬಿ ಮುಚ್ಚಿಡುವ ಕ್ಯಾನಿಂಗ್ ಹೆಚ್ಚಾಗಿ ರೂಢಿಯಲ್ಲಿರುವ ಅಮೆರಿಕದಲ್ಲಿ ಕೃಷಿ ಇಲಾಖೆಯೇ ಇದಕ್ಕೆ ಕೈಪಿಡಿ ಹೊರತಂದಿದೆ. ವಿನಿಗರ್ ಹಾಕದ ಬರೀ ಟೊಮೆಟೊ ಸಾಸಾದರೆ, ಹೆಚ್ಚುಕಡಿಮೆ ಅರ್ಧ ಲೀಟರಿನ ಪ್ರತಿ ಬಾಟಲಿಗೂ ಕಾಲು ಟೀ ಚಮಚ ಸಿಟ್ರಿಕ್ ಆಸಿಡ್ ಬೀಳಲೇಬೇಕು. ನಮ್ಮ ಅಂಗಡಿಗಳಲ್ಲಿ ನಿಂಬೆ ಉಪ್ಪು ಎಂದು ಕೇಳಿದರೆ ಕೊಡುತ್ತಾರೆ. ನಾಲಿಗೆಗೆ ಹುಳಿ ಜಾಸ್ತಿ ಎನಿಸಿದರೆ ಒಂದು ಚಿಟಿಕೆ ಸಕ್ಕರೆ ಹಾಕಬಹುದೇ ಹೊರತು ಆಸಿಡ್ ಕಡಿಮೆ ಮಾಡುವಂತಿಲ್ಲ. ಕುದಿಸಿ ಶುಚಿ ಮಾಡಿದ ಗಾಜಿನ ಬಾಟಲಿಗೆ ಸಾಸನ್ನು ಸುಡುಸುಡುವಾಗಿಯೇ ತುಂಬಿ, ಮೇಲೆ ಒಂದಿಷ್ಟು ಜಾಗ ಬಿಟ್ಟು, ಹೊಸ ಮುಚ್ಚಳ ಹಾಕಿ, ಬಾಟಲಿ ಪೂರ್ತಿ ಮುಳುಗುವಂತೆ ಕುದಿನೀರಿನಲ್ಲಿ ನಿಲ್ಲಿಸಬೇಕು. ತಳಕ್ಕೆ ಬಟ್ಟೆ ಹಾಸಿರಬೇಕು. ಎಷ್ಟು ಹೊತ್ತು ಎಂಬಲ್ಲಿ ಊರಿನ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಮಂಗಳೂರಿನಂಥ ಕಡಲತೀರದಲ್ಲಿ 35 ನಿಮಿಷ ಸಾಕಾದರೆ, ಮೂರು ಸಾವಿರ ಅಡಿ ಎತ್ತರದ ಬೆಂಗಳೂರಿಗೆ 45 ನಿಮಿಷ. ಇಲ್ಲಿ ನೀರು 97 ಡಿಗ್ರಿಗೇ ಕುದಿಯಲು ಶುರುಮಾಡುತ್ತದೆ, ಅದಕ್ಕೆ ಮೇಲೆ ಕಾಯುವುದಿಲ್ಲ. ಕೊಡಗಿನ ಅಡುಗೆಮನೆಯವರೂ ಇದನ್ನು ಗಮನಿಸಬೇಕು.

ಕಾರ್ಖಾನೆಯ ಸಾಸಿಗೂ ಇಂಥದೇ ಕಟ್ಟುಪಾಡು ಇದೆ. ಕನಿಷ್ಠ ಶೇ 1ರಷ್ಟು ಆಮ್ಲ, ಶೇ 25ರಷ್ಟು ಕರಗಿದ ಘನಾಂಶ ಇರಬೇಕೆಂಬುದು ನಮ್ಮ ಆಹಾರ ಸುರಕ್ಷತಾ ನಿಯಮ. ಬೆಂಜೊಯೇಟ್ ಎಂಬ ಸಂರಕ್ಷಕದ ಹೆಸರು ಕೇಳಿದೊಡನೆ ಮೂಗು ಮುರಿಯುವವರು, ಅಲ್ಲಿ ಅದಕ್ಕೂ ಅಳತೆ ಇದೆ, ಅಳೆಯುವವರೂ ಇದ್ದಾರೆ ಎಂಬುದನ್ನು ಮರೆಯುತ್ತಾರೆ. ‘ಮನೆಯದು’ ಎಂಬ ಒಂದೇ ಕಾರಣಕ್ಕೆ ಯಾವುದೂ ನಿರಪಾಯವಾಗುವುದಿಲ್ಲ.

ಆದ್ದರಿಂದ ಸಾಸ್ ಮಾಡಿ, ಖಂಡಿತ ಮಾಡಿ. ಸಾರಿಗೆ ಕೈಯಳತೆ ಇರಲಿ, ಬಾಟಲಿಗೆ ಚಮಚ ಮತ್ತು ಗಡಿಯಾರ ಇರಲಿ. ಅಷ್ಟು ತಾಳ್ಮೆ ಇಲ್ಲದವರು ಒಂದೆರಡು ಕೆಜಿ ಹಣ್ಣಿನದಷ್ಟೇ ಮಾಡಿ, ಫ್ರಿಜ್ಜಿನಲ್ಲಿಟ್ಟು ಬೇಗ ಖಾಲಿ ಮಾಡಿ. ಎಣ್ಣೆ, ಬೆಳ್ಳುಳ್ಳಿ ಹಾಕಿದ ತೊಕ್ಕನ್ನು ಬಿಗಿಯಾಗಿ ಮುಚ್ಚಿ ಹೊರಗಿಡಬೇಡಿ. ಮುಚ್ಚಳ ಉಬ್ಬಿದ್ದರೆ, ತೆಗೆದಾಗ ನೊರೆ ಉಕ್ಕಿದರೆ, ಕೆಟ್ಟಿದೆಯೋ ಇಲ್ಲವೋ ಎಂದು ಬೆರಳಲ್ಲಿ ಅದ್ದಿ ನೆಕ್ಕಿ ನೋಡಲು ಹೋಗಬೇಡಿ, ಬಾಟಲಿ ಸಮೇತ ಎಸೆಯಿರಿ.