ಉತಾರದಲ್ಲಿ ಇಲ್ಲದ ರೈತ

ಇಂಡಿ ತಾಲೂಕಿನ ಅಗರಖೇಡ ಭೀಮಾ ಸೀಮೆಯ ಊರು. ಇಲ್ಲಿ ‘ರೈತ ಯಾರು?’ ಎಂದು ಕೇಳಿದರೆ ಸಣ್ಣ ಮಕ್ಕಳೂ ಹೊಲದಲ್ಲಿ ಬಾಗಿ ನಿಂತವನತ್ತ ಬೆರಳು ತೋರಿಸುತ್ತಾರೆ. ಸರಕಾರವನ್ನು ಕೇಳಿ ನೋಡಿ, ಅದು ಉತಾರವನ್ನು ತೋರಿಸುತ್ತದೆ. ಈ ಎರಡು ಬೆರಳುಗಳ ನಡುವೆ ಬಡವರ ಒಂದು ಲೋಕವೇ ಕಾಣೆಯಾಗಿದೆ.

2019ರ ಫೆಬ್ರವರಿ 24ರಂದು ಕೇಂದ್ರ ಸರಕಾರ ಪಿಎಂ ಕಿಸಾನ್ ಯೋಜನೆಗೆ ಚಾಲನೆ ಕೊಟ್ಟಿತು. ವರ್ಷಕ್ಕೆ 6000 ರೂಪಾಯಿ, ಮೂರು ಕಂತು. ಮೊದಲು ಎರಡು ಹೆಕ್ಟೇರಿನೊಳಗಿನವರಿಗೆ ಮಾತ್ರ ಎಂದಿದ್ದದ್ದು ಅದೇ ವರ್ಷ ದೊಡ್ಡ ಹಿಡುವಳಿದಾರರಿಗೂ ವಿಸ್ತರಿಸಿತು. ಇಪ್ಪತ್ತು ಎಕರೆಯ ಒಡೆಯ ಒಳಗೆ ಬಂದ. ಅವನ ಹೊಲವನ್ನು ಕೋರಿಗೆ ಮಾಡುವವ ಹೊರಗೇ ನಿಂತ. ಯಡಿಯೂರಪ್ಪನವರ ಸರಕಾರ ಇದಕ್ಕೆ 4000 ರೂಪಾಯಿ ಸೇರಿಸಿತು, 2023ರಲ್ಲಿ ಬಂದ ಸರಕಾರ ಅದನ್ನು ನಿಲ್ಲಿಸಿತು. ಕೊಟ್ಟವರೂ ನಿಲ್ಲಿಸಿದವರೂ ಪಾಲುಗಾರನನ್ನು ನೆನೆಯಲಿಲ್ಲ.

ನಮ್ಮ ತಕರಾರು ಸಣ್ಣ ಹಿಡುವಳಿಯವನಿಗೆ ಸಿಗುವ ದುಡ್ಡಿನ ಬಗ್ಗೆ ಅಲ್ಲ. ತಿಂಗಳಿಗೆ 500 ರೂಪಾಯಿಯಲ್ಲಿ ಯಾರೂ ಸಾಹುಕಾರರಾಗುವುದಿಲ್ಲ. ನಮ್ಮ ಪ್ರಶ್ನೆ ಇಷ್ಟೆ: ‘ಸಮ್ಮಾನ’ ಬೆವರಿಗೋ, ಕಾಗದಕ್ಕೋ?

ದೇವರಾಜ ಅರಸರ ಕಾಲದ 1974ರ ತಿದ್ದುಪಡಿ ಗೇಣಿಯನ್ನು ರದ್ದು ಮಾಡಿತು. ಎಷ್ಟೋ ಮನೆಗಳಿಗೆ ಅದರಿಂದ ನೆಲ ಸಿಕ್ಕಿತು, ಆ ಋಣ ನಾವು ಮರೆಯುವವರಲ್ಲ. ಆದರೆ ಕಾನೂನಿನಲ್ಲಿ ಸತ್ತ ಗೇಣಿ ಹೊಲದಲ್ಲಿ ಬದುಕೇ ಇದೆ. ಕೋರು, ಲಾವಣಿ ಎಲ್ಲವೂ ಬಾಯಿಮಾತು. ಬರೆದುಕೊಟ್ಟರೆ ಹೊಲ ಹೋದೀತೆಂದು ಒಡೆಯನಿಗೆ ಭಯ. ಬರೆದುಕೊಡಿ ಎಂದರೆ ಮುಂದಿನ ಯುಗಾದಿಗೆ ಹೊಲವೇ ಸಿಗದೆಂದು ಪಾಲುಗಾರನಿಗೆ ಭಯ. ಉತಾರದಲ್ಲಿ ಸಾಗುವಳಿದಾರನಿಗೆಂದೇ 12ನೇ ಕಾಲಂ ಇದೆ. ಅಲ್ಲಿಯೂ ಹೆಚ್ಚಾಗಿ 9ನೇ ಕಾಲಂನ ಒಡೆಯನೇ ಕೂತಿರುತ್ತಾನೆ.

2023ರ ಬರದಲ್ಲಿ ರಾಜ್ಯದ 223 ತಾಲೂಕುಗಳು ಬರಪೀಡಿತವೆಂದು ಘೋಷಣೆಯಾದವು. ಪರಿಹಾರದ ಲೆಕ್ಕ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8500 ರೂಪಾಯಿ. ಬೀಜ, ಗೊಬ್ಬರ, ಸಾಲ ಎಲ್ಲವೂ ಪಾಲುಗಾರನದು. ಒಣಗಿದ ತೊಗರಿಯೂ ಅವನದೇ. ಪರಿಹಾರ ಮಾತ್ರ ಖಾತೆದಾರನ ಬ್ಯಾಂಕಿಗೆ. ಇದನ್ನು ನ್ಯಾಯ ಎನ್ನುವುದು ಹೇಗೆ?

‘ಪಾಲುಗಾರನನ್ನು ಗುರುತಿಸುವುದು ಆಗದ ಕೆಲಸ’ ಎನ್ನುವವರು ನೆರೆಹೊರೆ ನೋಡಲಿ. ಒಡಿಶಾ ತನ್ನ ‘ಕಾಲಿಯಾ’ ಯೋಜನೆಯಲ್ಲಿ ಪಾಲುಗಾರರನ್ನೂ ಭೂಹೀನರನ್ನೂ ಸೇರಿಸಿಕೊಂಡಿತು. ಆಂಧ್ರ 2019ರಲ್ಲಿ ಸಾಗುವಳಿದಾರರ ಹಕ್ಕಿಗೆಂದೇ ಕಾಯ್ದೆ ಮಾಡಿತು, ‘ರೈತು ಭರೋಸಾ’ದಲ್ಲಿ ದಲಿತ, ಹಿಂದುಳಿದ, ಅಲ್ಪಸಂಖ್ಯಾತ ಗೇಣಿದಾರರಿಗೂ ಪಾಲಿಟ್ಟಿತು. ಅವೇನೂ ಕುಂದಿಲ್ಲದ ಯೋಜನೆಗಳಲ್ಲ. ಆದರೆ ದಾರಿ ಇದೆ ಎಂಬುದನ್ನಂತೂ ತೋರಿಸಿದವು.

ಸರಕಾರವನ್ನು ಬೈದು ನಾವು ಕೈತೊಳೆದುಕೊಳ್ಳುವಂತಿಲ್ಲ. ನಮ್ಮ ಮನೆಗಳ ಉತಾರದಲ್ಲಿ ಅಕ್ಕತಂಗಿಯರ ಹೆಸರು ಎಲ್ಲಿದೆ? 1937ರ ಶರೀಅತ್ ಕಾಯ್ದೆ ಕೃಷಿಭೂಮಿಯನ್ನು ಹೊರಗಿಟ್ಟಿತು. ಕುರ್‌ಆನ್ ಹೊರಗಿಟ್ಟಿಲ್ಲ. ತಂದೆ ಬಿಟ್ಟುಹೋದದ್ದು ಹೆಚ್ಚಿರಲಿ ಕಡಿಮೆಯಿರಲಿ, ಅದರಲ್ಲಿ ಹೆಣ್ಣಿಗೆ ಪಾಲುಂಟು ಎನ್ನುತ್ತದೆ. ನಾವೋ ತವರಿಗೆ ಬಂದ ಆಪಾಗೆ ಒಂದು ಸೀರೆ ಉಡಿಸಿ ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತೇವೆ. ಗಂಡ ಸತ್ತು, ಭಾವ ಮೈದುನರ ಹೊಲದಲ್ಲಿ ಕಳೆ ತೆಗೆಯುವ ಅವಳು ಸರಕಾರದ ಲೆಕ್ಕದಲ್ಲಿ ರೈತಳಲ್ಲ, ನಮ್ಮ ಲೆಕ್ಕದಲ್ಲಿ ವಾರಸುದಾರಳೂ ಅಲ್ಲ. ಜಕಾತಿನ ಪೈಸೆ ಪೈಸೆಗೂ ಲೆಕ್ಕವಿಡುವ ನಮಗೆ ಸ್ವಂತ ಅಕ್ಕನ ಹಕ್ ತಿಂದದ್ದು ಹೊಟ್ಟೆಯಲ್ಲಿ ಚುಚ್ಚುವುದೇ ಇಲ್ಲ!

ಆದ್ದರಿಂದ ನಮ್ಮ ಮಾತು ಎರಡು. ಸರಕಾರಕ್ಕೆ: ಮಾಲೀಕತ್ವದ ಹಕ್ಕಿಗೆ ಧಕ್ಕೆಯಿಲ್ಲದಂತೆ ಉಳುವವನಿಗೊಂದು ವರ್ಷದ ಚೀಟಿ ಕೊಡಿ, ಬೆಳೆ ಸಮೀಕ್ಷೆಯಲ್ಲಿ ಬೆಳೆದವನ ಹೆಸರನ್ನೂ ಬರೆಯಿರಿ, ಪರಿಹಾರವನ್ನು ಅವನಿಗೆ ಮುಟ್ಟಿಸಿ. ನಮ್ಮವರಿಗೆ: ಉತಾರ ತೆಗೆಸಿ ಅಕ್ಕತಂಗಿಯರ ಹೆಸರು ಸೇರಿಸಿ.

ಮೊದಲನೆಯದಕ್ಕೆ ಬೆಂಗಳೂರಿನ ಅಪ್ಪಣೆ ಬೇಕು. ಎರಡನೆಯದಕ್ಕೆ ಯಾರ ಅಪ್ಪಣೆಗೆ ಕಾಯುತ್ತಿದ್ದೇವೆ?