ಒಡೆದ ಬಟ್ಟಲುಗಳ ಲೆಕ್ಕ

ಚಳ್ಳಕೆರೆಯ ಕಂಬಳಿಯನ್ನೂ ಮೊಳಕಾಲ್ಮುರಿನ ರೇಷ್ಮೆಯನ್ನೂ ಹೊಗಳದವರಿಲ್ಲ. ಆದರೆ 1947ರಲ್ಲಿ ಪುರಾತತ್ತ್ವಜ್ಞ ಮಾರ್ಟಿಮರ್ ವೀಲರ್ ಅದೇ ಸೀಮೆಯ ಬ್ರಹ್ಮಗಿರಿಯ ತಪ್ಪಲಲ್ಲಿ ಅಗೆಯಿಸಿದಾಗ ಶಿಲಾಗೋರಿಗಳೊಳಗಿಂದ ಎದ್ದುಬಂದ, ಒಳಮೈಯೂ ಬಾಯಂಚೂ ಕಪ್ಪಾಗಿ ಹೊರಮೈಯ ಕೆಳಭಾಗ ಕೆಂಪಾಗಿ ಮಿರುಗುವ ಮೃತ್ಪಾತ್ರೆಗಳ ಸ್ಮರಣೆ, ಅಲ್ಲಿಯ ಅಶೋಕಶಾಸನವನ್ನು ಕಾಣಹೋದವರಿಗೂ ಬರುವುದು ಅಪೂರ್ವ. ಕಬ್ಬಿಣದ ಅಂಶವುಳ್ಳ ಒಂದೇ ಮಣ್ಣು ಗಾಳಿ ತಾಗಿದೆಡೆ ಕೆಂಪಾಗಿಯೂ ಹೊಗೆ ಕವಿದೆಡೆ ಕಪ್ಪಾಗಿಯೂ ಬೇಯುವುದೆಂಬುದನ್ನು ಬಲ್ಲವರ ಕೈಗೆಲಸವದು.

ಜಪಾನಿನ ತೊಕೊನಾಮೆಯ ಕುಂಬಾರರೂ ಅಂತಹುದೇ ಕೆಂಪುಮಣ್ಣಿನಿಂದ ಕ್ಯೂಸು ಎಂಬ ಚಹದ ಗಿಂಡಿಯನ್ನು ಮಾಡುತ್ತಾರೆ. ಅದರ ಹಿಡಿ ನಳಿಗೆಗೆ ಎದುರಾಗಿರದೆ ಪಕ್ಕಕ್ಕೆ ಚಾಚಿರುತ್ತದೆ; ಹೆಬ್ಬೆರಳು ಮುಚ್ಚಳವನ್ನೊತ್ತಿ ಮಣಿಕಟ್ಟು ತುಸು ಹೊರಳಿದರೆ ಚಹ ಸುರಿಯುತ್ತದೆ. ಅದರ ಚಿತ್ರಕ್ಕೆ ಮರುಳಾದ ನಾನು ನಮ್ಮ ಸೀಮೆಯ ವೃದ್ಧ ಕುಂಬಾರರೊಬ್ಬರಲ್ಲಿಗೆ ಹೋಗಿ, ಅಂತಹ ಹಿಡಿಯುಳ್ಳ ಚಹದ ಬಟ್ಟಲೊಂದು ಬೇಕೆಂದೆ. ಮಾಡಿಕೊಟ್ಟರು, ನೀರು ತುಂಬಿ ಒಮ್ಮೆ ಎತ್ತಿ ನೋಡಿ, “ಹುಯ್ಯಾಕೆ ಸರಿ ಸ್ವಾಮಿ, ಕುಡಿಯಾಕಲ್ಲ” ಎಂದು ಕೆಳಗಿಟ್ಟರು. ಗಿಂಡಿಯನ್ನು ಎತ್ತುವುದು ಒಮ್ಮೆ, ಬಟ್ಟಲನ್ನು ಇಪ್ಪತ್ತು ಬಾರಿ. ನೆಟ್ಟನೆಯ ಹಿಡಿಯ ತುದಿಯಲ್ಲಿ ತೂಗುವ ಭಾರವನ್ನು ಮಣಿಕಟ್ಟು ಎಷ್ಟು ಹೊತ್ತು ಸಹಿಸೀತು?

ಮತ್ತೆ ತಿಗರಿ ತಿರುಗಿತು. ಬಾಗಿದ ಕಿವಿಯನ್ನಿಟ್ಟರು, ಹಸಿ ಮಣ್ಣಿನ ಕಿವಿ, ಅರೆ ಒಣಗಿದ ಒಡಲಿಗಿಂತ ಹೆಚ್ಚು ಕುಗ್ಗಿ ಬೆಸುಗೆಯಲ್ಲಿ ಸೀಳಿತು. ಎರಡನ್ನೂ ಸಮವಾಗಿ ಆರಿಸಿ ಬೆಸೆದರೆ, ಒಣಗಿ ಬೇಯುವುದರೊಳಗೆ ಮಣ್ಣು ಹತ್ತರಲ್ಲೊಂದು ಪಾಲಿನಷ್ಟು ಕುಗ್ಗುವುದಾದ್ದರಿಂದ, ಎರಡು ಬೆರಳಿಗೆಂದು ಬಿಟ್ಟ ಎಡೆಯಲ್ಲಿ ಒಂದೇ ಬೆರಳು ತೂರಿತು. ಕಡೆಗೆ ಕ್ಯೂಸುವಿನಿಂದ ಉಳಿದುಬಂದದ್ದು ಅಂಗೈಗೆ ಒಗ್ಗುವ ಆ ದುಂಡುಹೊಟ್ಟೆ ಮಾತ್ರ. ನನಗಂತೂ ಅಷ್ಟೇ ಸಾಕೆನಿಸಿತು. ಒಳಮೈಯನ್ನು ನುಣ್ಗಲ್ಲಿನಿಂದ ಉಜ್ಜಿದರೂ ತಳ ತುಸು ಬೆವರುತ್ತಿತ್ತು, ಏಕೆಂದರೆ ಸೌದೆಯ ಆವಿಗೆಯ ಕಾವಿಗೆ ಮಣ್ಣಿನ ರಂಧ್ರಗಳು ಮುಚ್ಚುವುದಿಲ್ಲ. ಅದಕ್ಕೆ ಮೆರುಗಿನ ಲೇಪವಾದರೂ ಇನ್ನೂ ಹೆಚ್ಚಿನ ಉರಿಯಾದರೂ ಬೇಕು.

ಖಾದಿ ಮತ್ತು ಗ್ರಾಮೋದ್ಯೋಗ ಆಯೋಗವು 2018ರಿಂದ ಕುಂಬಾರರಿಗೆ ವಿದ್ಯುತ್ ತಿಗರಿಗಳನ್ನು ಹಂಚುತ್ತಿರುವುದು ಸ್ತುತ್ಯವೇ. ಆದರೆ ತಿಗರಿ ವೇಗವನ್ನು ಕೊಡಬಲ್ಲುದಲ್ಲದೆ, ಮಾಡಿದ್ದನ್ನು ಒಡೆದು ಪುನಃ ಮಾಡುವ ವ್ಯವಧಾನವನ್ನು ಕೊಡಲಾರದು. ಅಂದಂದಿನ ಮಾರಾಟದಿಂದ ಅಂದಂದಿನ ಹಿಟ್ಟು ಕಾಣುವವನಿಗೆ ನಾಲ್ಕು ಬಟ್ಟಲು ಕೆಡಿಸುವ ಸ್ವಾತಂತ್ರ್ಯವೆಲ್ಲಿಯದು? ತರಬೇತಿಯ ಹಣದಲ್ಲಿ ಒಂದು ಪಾಲನ್ನು ಮಾರಲಾಗದ ಪಾತ್ರೆಗಳ ಮಣ್ಣು, ಸೌದೆ, ದಿನಗೂಲಿಗಳಿಗೆಂದೇ ತೆಗೆದಿರಿಸಬೇಕೆಂಬುದು ನನ್ನ ವಾದ. ಲೆಕ್ಕಪರಿಶೋಧಕರು ಹುಬ್ಬೇರಿಸಿದರೆ ಏರಿಸಲಿ.

ನಾನು ಹಣ ಕೊಡಹೋದಾಗ ಆ ಹಿರಿಯರು ಒಂದೇ ಬಟ್ಟಲಿನ ಬೆಲೆ ಹೇಳಿದರು. ಒತ್ತಾಯಿಸಿದ ಮೇಲೆ ಉಳಿದವುಗಳದನ್ನೂ ತೆಗೆದುಕೊಂಡರು. ನಾನು ಬಟ್ಟಲನ್ನು ಚೀಲದಲ್ಲಿಡುತ್ತಿರುವಾಗ ಅವರ ಕಣ್ಣು ಇನ್ನೂ ಅದರ ಮೇಲೆಯೇ ಇತ್ತು: ಕಿವಿ ಒಂದು ಶೇಂಗಾ ಬೀಜದಷ್ಟು ಕೆಳಗಿರಬೇಕಿತ್ತಂತೆ.