ಬಿಗಿನರ್ ಬ್ಯಾಚ್ ಅಂದ್ರೆ ಏನು ಸ್ವಾಮಿ?

ನಮ್ಮ ಏರಿಯಾದಲ್ಲಿ ಈಗ ದರ್ಶಿನಿಗಳಿಗಿಂತ ಯೋಗ ಸ್ಟುಡಿಯೋಗಳೇ ಜಾಸ್ತಿ ಅನ್ನಿಸುತ್ತೆ. ಎಲ್ಲ ಬೋರ್ಡುಗಳಲ್ಲೂ ಬಿಗಿನರ್, ಇಂಟರ್ಮೀಡಿಯೆಟ್, ಅಡ್ವಾನ್ಸ್ಡ್ ಅಂತ ಮೂರು ಬ್ಯಾಚು. ನಾನು ಯಾವುದಕ್ಕೆ ಸೇರಬೇಕು ಅಂತ ಕೌಂಟರಿನಲ್ಲಿ ಕೇಳಿ ನೋಡಿ. ‘ಸರ್, ನಿಮಗೆ ಯಾವ ಟೈಮ್ ಆಗುತ್ತೆ?’ ಅನ್ನೋದು ಉತ್ತರ. ಬೆಳಿಗ್ಗೆ ಆರಕ್ಕೆ ಏಳೋರು ಅಡ್ವಾನ್ಸ್ಡ್, ಎಂಟಕ್ಕೆ ಬರೋರು ಬಿಗಿನರ್.

ಕೌಂಟರಿನಲ್ಲಿ ಕೂತ ಹುಡುಗಿಯ ತಪ್ಪೇನಿಲ್ಲ. ಅವಳ ಕೈಯಲ್ಲಿರೋ ಫಾರಂನಲ್ಲಿ ಹೆಸರು, ಮೊಬೈಲ್ ನಂಬರು, ಮೂರು ತಿಂಗಳ ಪ್ಯಾಕೇಜೋ ವರ್ಷದ್ದೋ ಅನ್ನೋದು, ಇಷ್ಟೇ ಇರೋದು. ಬೆನ್ನು ನೋವಿದೆಯಾ, ಬೀಪಿ ಮಾತ್ರೆ ತಗೋತೀರಾ, ಹೆರಿಗೆ ಆಗಿ ಎಷ್ಟು ತಿಂಗಳಾಯ್ತು, ದಿನಕ್ಕೆ ಎಷ್ಟು ಗಂಟೆ ಕುರ್ಚಿಯಲ್ಲಿ ಕೂತಿರ್ತೀರ, ಒಂದೂ ಇಲ್ಲ. ನಮ್ಮೂರ ಟೈಲರ್ ಅಳತೆ ತಗೊಳ್ಳದೆ ಚಡ್ಡಿ ಕೂಡ ಹೊಲೀತಿರಲಿಲ್ಲ ಕಣ್ರೀ. ಇಲ್ಲಿ ಬೆನ್ನು ಬಗ್ಗಿಸ್ತಾರೆ, ಕುತ್ತಿಗೆ ಮೇಲೆ ನಿಲ್ಲಿಸ್ತಾರೆ, ಅಳತೆ ಮಾತ್ರ ಯಾರೂ ತಗೊಳ್ಳಲ್ಲ.

ಈ ಮೂರು ಲೆವೆಲ್‌ಗಳು ಮಾರಾಟಕ್ಕೆ ಮಾಡ್ಕೊಂಡಿರೋ ಲೇಬಲ್ಲುಗಳು. ಅವನ್ನು ನಂಬಿ ಕ್ಲಾಸ್ ಆರಿಸಬೇಡಿ ಅನ್ನೋದು ನನ್ನ ಜಗಳ.

ಫಿಟ್ನೆಸ್ ಲೆವೆಲ್ ಅನ್ನೋದು ಒಂದೇ ನಂಬರು ಅಂತ ನಾವು ಎಂಜಿನಿಯರುಗಳು ಸುಲಭವಾಗಿ ನಂಬ್ತೀವಿ. ಸ್ಟೆಪ್ ಕೌಂಟ್ ಇದೆ, ಬಿಎಂಐ ಇದೆ, ವಾಚು ಹೇಳೋ ಸ್ಕೋರ್ ಇದೆ. ಆದರೆ ಮೈ ಆ ಥರ ಇಲ್ಲ. ಪ್ರತಿವರ್ಷ ಬೆಂಗಳೂರಿನ 10ಕೆ ಓಡೋ ನನ್ನ ಸಹೋದ್ಯೋಗಿಯೊಬ್ಬ ಮಂಡಿ ಮಡಚದೆ ಬಗ್ಗಿದರೆ ಅವನ ಬೆರಳು ಮೊಣಕಾಲಿನಿಂದ ಕೆಳಗೆ ಇಳಿಯಲ್ಲ; ಓಡಿ ಓಡಿ ತೊಡೆ ಹಿಂದಿನ ಸ್ನಾಯು ಹಗ್ಗದಂತೆ ಬಿಗಿದಿದೆ. ಜಿಮ್‌ನಲ್ಲಿ ನೂರು ಕೆ.ಜಿ. ಎತ್ತೋನಿಗೆ ಎರಡು ಕೈಯನ್ನೂ ಕಿವಿ ಪಕ್ಕಕ್ಕೆ ನೇರ ತರೋಕಾಗಲ್ಲ. ಇನ್ನೊಂದು ಕಡೆ, ಚಿಕ್ಕಂದಿನಿಂದ ಭರತನಾಟ್ಯ ಮಾಡಿದ ಹುಡುಗಿ ಮೊದಲ ದಿನವೇ ಎಲ್ಲ ಆಸನಗಳಲ್ಲೂ ಸಲೀಸಾಗಿ ಕೂತುಬಿಡ್ತಾಳೆ. ಟೀಚರ್ ಖುಷಿಯಾಗಿ ಅಡ್ವಾನ್ಸ್ಡ್‌ಗೆ ಕಳಿಸ್ತಾರೆ. ಕೀಲುಗಳು ಆಗಲೇ ಸಡಿಲವಾಗಿರೋರಿಗೆ ಇನ್ನಷ್ಟು ಎಳೆಯೋದಲ್ಲ, ಬಿಗಿ ಹಿಡಿಯೋದನ್ನ ಕಲಿಸಬೇಕು. ಅದು ಗೊತ್ತಿಲ್ಲದ ಕೈಗೆ ಸಿಕ್ಕರೆ ಆಮೇಲೆ ಫಿಸಿಯೋಥೆರಪಿ.

ನಮ್ಮಜ್ಜಿ ಎಪ್ಪತ್ತರ ಮೇಲೂ ಕುಕ್ಕರಗಾಲಲ್ಲಿ ಕೂತು ಅರ್ಧ ಮೂಟೆ ಅವರೆಕಾಯಿ ಸುಲೀತಿದ್ರು. ಅದೇ ಅಜ್ಜಿಗೆ ಹೊಲ ಕಳೆ ತೆಗೆದು ತೆಗೆದು ಬೆನ್ನು ಮೇಲಕ್ಕೆ ನೆಟ್ಟಗಾಗ್ತಿರಲಿಲ್ಲ. ಈ ಸ್ಟುಡಿಯೋಗಳ ಪ್ರಕಾರ ಅವರು ಬಿಗಿನರ್ರೋ ಅಡ್ವಾನ್ಸ್ಡೋ? ಸೊಂಟದಿಂದ ಕೆಳಗೆ ಅಡ್ವಾನ್ಸ್ಡ್, ಮೇಲೆ ಬಿಗಿನರ್ ಅನ್ನಬೇಕು. (ಹಳ್ಳಿಯೋರಿಗೆ ಯೋಗ ಬೇಡ, ಕೆಲಸವೇ ವ್ಯಾಯಾಮ ಅಂತ ಭಾಷಣ ಮಾಡೋರು ಒಂದು ದಿನ ಬಂದು ನಾಟಿ ಹಾಕಿ ನೋಡಿ. ದುಡಿಮೆ ಬೇರೆ, ಮೈ ನೋಡಿಕೊಳ್ಳೋದು ಬೇರೆ.)

ಬೇಜಾರು ಏನಂದ್ರೆ, ಇದನ್ನೆಲ್ಲ ಯೋಚನೆ ಮಾಡಿದ್ದ ಜಾಗ ನಮ್ಮಿಂದ ನೂರೈವತ್ತು ಕಿಲೋಮೀಟರ್ ದೂರದಲ್ಲೇ ಇದೆ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1933ರಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಯೋಗಶಾಲೆ ಶುರು ಮಾಡಿದರು. ಇವತ್ತು ನ್ಯೂಯಾರ್ಕಿನಿಂದ ಟೋಕಿಯೋವರೆಗೆ ನಡೆಯೋ ಯೋಗ ಕ್ಲಾಸುಗಳಲ್ಲಿ ದೊಡ್ಡ ಪಾಲಿನ ಬೇರು ಅಲ್ಲಿದೆ. ಅವರು 1941ರಲ್ಲಿ ಬರೆದ ‘ಯೋಗಾಸನಗಳು’ ಕನ್ನಡದ ಪುಸ್ತಕ. ಅದರಲ್ಲಿ ಆಸನಗಳನ್ನು ಸುಲಭದಿಂದ ಕಷ್ಟದವರೆಗೆ ಮೂರು ಗುಂಪು ಮಾಡಿದ್ದಾರೆ. ಗಮನಿಸಿ, ಗುಂಪು ಮಾಡಿದ್ದು ಆಸನಗಳನ್ನ. ಜನರನ್ನಲ್ಲ. ಯಾರಿಗೆ ಯಾವುದು, ಎಷ್ಟು ಅನ್ನೋದು ವಯಸ್ಸು, ಶಕ್ತಿ, ಕಾಯಿಲೆ ನೋಡಿ ಗುರು ತೀರ್ಮಾನಿಸಬೇಕಾದ ವಿಷಯ ಅನ್ನೋದು ಅವರು ಕೊನೆಯವರೆಗೂ ಹೇಳಿಕೊಂಡು ಬಂದ ಮಾತು.

ಅವರ ಶಿಷ್ಯರಲ್ಲಿ ಇಬ್ಬರನ್ನು ನೋಡಿ. ನಮ್ಮ ಹಾಸನ ಜಿಲ್ಲೆ ಕೌಶಿಕದ ಪಟ್ಟಾಭಿ ಜೋಯಿಸರು ಬೆಳೆಸಿದ ಪದ್ಧತಿಗೆ ಪ್ರಪಂಚವೆಲ್ಲ ‘ಮೈಸೂರ್ ಸ್ಟೈಲ್’ ಅನ್ನುತ್ತೆ. ಕೋಣೆಯಲ್ಲಿ ಮೂವತ್ತು ಜನ ಇದ್ದರೂ ಎಲ್ಲರೂ ಒಟ್ಟಿಗೆ ಒಂದೇ ಆಸನ ಮಾಡಲ್ಲ. ಅವರವರ ಉಸಿರಿನ ವೇಗಕ್ಕೆ ಅವರವರ ಅಭ್ಯಾಸ. ಗುರು ಸುಮ್ಮನೆ ಸುತ್ತಾಡ್ತಾ ನೋಡ್ತಿರ್ತಾರೆ. ಒಂದು ಆಸನ ಮೈಗೆ ಹತ್ತಿದ ಮೇಲೆ ಮುಂದಿನದು. ಹತ್ತದಿದ್ದರೆ ಅಲ್ಲಿಗೇ ನಿಲ್ಲಬೇಕು. ನಿನ್ನೆ ಬಂದವನು ಹದಿನೈದು ನಿಮಿಷಕ್ಕೆ ಮನೆಗೆ ಹೋಗ್ತಾನೆ, ಹತ್ತು ವರ್ಷದಿಂದ ಬರ್ತಿರೋನು ಪಕ್ಕದಲ್ಲೇ ಒಂದೂವರೆ ಗಂಟೆ ಇರ್ತಾನೆ. ಅಲ್ಲಿ ಬ್ಯಾಚೇ ಇಲ್ಲ. ಹಾಗಂತ ಎಲ್ಲರೂ ಅಷ್ಟಾಂಗಕ್ಕೆ ಸೇರಿ ಅಂತ ಹೇಳ್ತಿಲ್ಲ. ಅದರ ಮೊದಲ ಸರಣಿಗೆ ‘ಪ್ರೈಮರಿ’ ಅಂತ ಹೆಸರಿದ್ದರೂ ಅದು ಪ್ರೈಮರಿ ಸ್ಕೂಲಲ್ಲ, ಬೆನ್ನು ಕೆಟ್ಟೋರಿಗಂತೂ ಮುಂದಕ್ಕೆ ಬಗ್ಗೋದು ವಿಪರೀತ.

ಇನ್ನೊಬ್ಬರು ಕೋಲಾರ ಜಿಲ್ಲೆ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್. ಹುಟ್ಟಿದ್ದು 1918ರಲ್ಲಿ, ಚಿಕ್ಕಂದಿನಲ್ಲಿ ಮಲೇರಿಯಾ, ಟೈಫಾಯ್ಡ್, ಕ್ಷಯ ಎಲ್ಲ ಅನುಭವಿಸಿದ ಬಡಕಲು ಹುಡುಗ. ಅದಕ್ಕೇ ಇರಬೇಕು, ಆಗದವರ ಮೈ ಅವರಿಗೆ ಅರ್ಥವಾಯ್ತು. ಕುರ್ಚಿ, ಬೆಲ್ಟು, ಮರದ ಇಟ್ಟಿಗೆ, ಹಗ್ಗ, ಕಂಬಳಿ ಎಲ್ಲ ತಂದು ಆಸನವನ್ನು ಮನುಷ್ಯನ ಹತ್ತಿರ ತಂದ್ರು. 1966ರ ‘ಲೈಟ್ ಆನ್ ಯೋಗ’ದಲ್ಲಿ ಒಂದೊಂದು ಆಸನಕ್ಕೂ ಎಷ್ಟು ಕಷ್ಟ ಅಂತ 1ರಿಂದ 60ರವರೆಗೆ ಅಂಕ ಕೊಟ್ಟಿದ್ದಾರೆ. ಸುಮ್ಮನೆ ನೆಟ್ಟಗೆ ನಿಲ್ಲೋ ತಾಡಾಸನಕ್ಕೆ 1. ಪುಸ್ತಕದ ಕೊನೆಯಲ್ಲಿರೋ ಅಭ್ಯಾಸದ ಪಟ್ಟಿ 300 ವಾರದ್ದು. ಅಂದ್ರೆ ಹೆಚ್ಚುಕಡಿಮೆ ಆರು ವರ್ಷ. ನಮ್ಮ ಸ್ಟುಡಿಯೋದಲ್ಲಿ ಮೂರು ತಿಂಗಳ ಪ್ಯಾಕೇಜ್ ಮುಗಿಸಿದರೆ ಇಂಟರ್ಮೀಡಿಯೆಟ್ಟು!

ಅಂಥ ಊರಿನ ಪಕ್ಕದಲ್ಲಿದ್ದುಕೊಂಡು ನಾವು ಮಾಡ್ತಿರೋದೇನು? ನಲವತ್ತು ಮ್ಯಾಟು, ಒಂದು ಮೈಕು, ‘ಇನ್‌ಹೇಲ್, ಎಕ್ಸ್‌ಹೇಲ್’. ಮುಂದೆ ನಿಂತಿರೋರು ತಾವೇ ಆಸನ ಮಾಡ್ತಿರ್ತಾರೆ, ಹಿಂದೆ ಯಾರು ಹೇಗೆ ಬಗ್ಗಿದ್ದಾರೆ ಅಂತ ನೋಡೋಕೆ ಕಣ್ಣೆಲ್ಲಿದೆ? ಎಷ್ಟೋ ಕಡೆ ಅವರ ಸರ್ಟಿಫಿಕೇಟು 200 ಗಂಟೆಯ ಕೋರ್ಸಿನದ್ದು, ಒಂದು ತಿಂಗಳೊಳಗೆ ಮುಗಿಯುವಂಥದ್ದು. ನಮ್ಮಲ್ಲಿ ಫ್ರೆಶರ್‌ಗೆ ಇದಕ್ಕಿಂತ ಜಾಸ್ತಿ ಟ್ರೈನಿಂಗ್ ಕೊಟ್ಟ ಮೇಲೂ ಪ್ರೊಡಕ್ಷನ್ ಸರ್ವರ್ ಮುಟ್ಟೋಕೆ ಬಿಡಲ್ಲ.

ನಮ್ಮ ಟೀಮಿನ ಒಬ್ಬನಿಗೆ ಸೊಂಟದ ಡಿಸ್ಕ್ ಜಾರಿತ್ತು, ಸ್ಕ್ಯಾನ್ ರಿಪೋರ್ಟ್ ಅವನ ಫೋನಿನಲ್ಲೇ ಇತ್ತು. ಅವನು ಸೇರಿದ್ದು ಬಿಗಿನರ್ ಬ್ಯಾಚು. ಪಶ್ಚಿಮೋತ್ತಾನಾಸನದಲ್ಲಿ ಹಣೆ ಮಂಡಿಗೆ ತಾಗಲಿಲ್ಲ ಅಂತ ಟೀಚರ್ ಹಿಂದಿನಿಂದ ಬೆನ್ನು ಒತ್ತಿದರು. ಮೂರು ವಾರ ಮಲಗಿದಲ್ಲೇ ಇದ್ದ. ‘ನೀವು ಮೊದಲೇ ಹೇಳಬೇಕಿತ್ತು’ ಅಂದರಂತೆ. ಕೇಳೋದು ಯಾರ ಕೆಲಸ ಗುರೂ?

ಹೇಳೋದೂ ಅಷ್ಟು ಸುಲಭ ಅಲ್ಲ. ನಮ್ಮಮ್ಮ ಊರಿಂದ ಬಂದಾಗ ಕ್ಲಬ್‌ಹೌಸಿನ ಕ್ಲಾಸಿಗೆ ಹೋಗ್ತಿದ್ರು. ಬೀಪಿ ಇದೆ, ಎರಡು ಹೊತ್ತು ಮಾತ್ರೆ. ಒಂದು ದಿನ ಬಂದೋರೇ ತಲೆ ಹಿಡ್ಕೊಂಡು ಕೂತರು. ಕಪಾಲಭಾತಿಯನ್ನ ಜೋರಾಗಿ, ನಿಲ್ಲಿಸದೆ ಮಾಡಿಸಿದ್ದಾರೆ. ಬೀಪಿ ಇರೋರಿಗೆ ಅದನ್ನ ಹಾಗೆ ಮಾಡಿಸಬಾರದು ಅನ್ನೋದು ಮೊದಲ ಪಾಠದಲ್ಲೇ ಬರುತ್ತೆ. ‘ಆಗಲ್ಲ ಅನ್ನಬೇಕಿತ್ತು ಕಣಮ್ಮ’ ಅಂದೆ. ‘ಮೇಷ್ಟ್ರು ಹೇಳ್ತಿರೋವಾಗ ಹೆಂಗೋ ಬ್ಯಾಡ ಅನ್ನದು? ಎಲ್ಲ ಮಾಡ್ತಾವ್ರೆ’ ಅಂದರು.

ಇದು ಬರೀ ನಮ್ಮಮ್ಮನ ಮಾತಲ್ಲ. ಗುರು ಹೇಳಿದ್ದಕ್ಕೆ ಎದುರಾಡಬಾರದು ಅನ್ನೋದು ನಮ್ಮ ರಕ್ತದಲ್ಲೇ ಇದೆ, ಸ್ಟುಡಿಯೋಗಳು ಬದುಕೋದೂ ಅದರ ಮೇಲೆ. ಅದು ಎಷ್ಟು ದೂರ ಹೋಗಬಹುದು ಅನ್ನೋದಕ್ಕೆ ಮೈಸೂರಿನದ್ದೇ ಉದಾಹರಣೆ ಇದೆ. ಆಸನ ತಿದ್ದುವ ನೆಪದಲ್ಲಿ ಮೈಮೇಲೆ ಕೈ ಹಾಕುತ್ತಿದ್ದರು ಅಂತ ಪಟ್ಟಾಭಿ ಜೋಯಿಸರ ಮೇಲೆ ಅವರ ಹಲವು ಶಿಷ್ಯೆಯರು ಬಹಿರಂಗವಾಗಿ ಆರೋಪ ಮಾಡಿದ್ದಾರೆ. ಪದ್ಧತಿ ಒಳ್ಳೇದು ಅಂತ ನಾನು ಮೇಲೆ ಹೊಗಳಿದ್ದು ನಿಜ. ಇದನ್ನ ಮುಚ್ಚಿಟ್ಟು ಹೊಗಳಿದರೆ ಅದು ಭಟ್ಟಂಗಿತನ. ಮುಟ್ಟೋಕೆ ಮುಂಚೆ ‘ಮುಟ್ಟಲಾ?’ ಅಂತ ಕೇಳದ ಕ್ಲಾಸು ಯಾವ ಲೆವೆಲ್ಲಿನವರಿಗೂ ಬೇಡ.

ಎಲ್ಲ ತಪ್ಪೂ ಸ್ಟುಡಿಯೋದವರದ್ದೇ ಅಂದರೆ ಅವರಿಗೆ ಅನ್ಯಾಯ. ಅವರಿಗೂ ಬಾಡಿಗೆ ಕಟ್ಟೋದಿದೆ, ಹತ್ತು ಜನರ ಬ್ಯಾಚ್ ಇಟ್ಟರೆ ನಾವು ಆ ಫೀಸು ಕೊಡಲ್ಲ, ಆಫರ್ ಎಲ್ಲಿದೆ ಅಂತ ಹುಡುಕ್ತೀವಿ. ಅಪ್ರೈಸಲ್‌ನಲ್ಲಿ ಸಿಗದ ಪ್ರಮೋಷನ್ನು ಯೋಗದಲ್ಲಿ ಬೇಕು ನಮಗೆ. ಶೀರ್ಷಾಸನದ ಫೋಟೋ ಇನ್‌ಸ್ಟಾದಲ್ಲಿ ಹಾಕೋಕೆ ಎಷ್ಟು ವಾರ ಆಗುತ್ತೆ ಅಂತ ಕೇಳೋರಿದ್ದಾರೆ. ಗ್ಲಾಕೋಮಾ ಇರೋರಿಗೆ ತಲೆಕೆಳಗೆ ನಿಂತರೆ ಕಣ್ಣಿನೊಳಗಿನ ಒತ್ತಡ ಏರುತ್ತೆ, ಕುತ್ತಿಗೆ ಸರಿ ಇಲ್ಲದವರಿಗೆ ಅದು ಬೇಡವೇ ಬೇಡ, ಯಾರು ಕೇಳ್ತಾರೆ? ಜೂನ್ 21 ಬಂತಂದ್ರೆ ಎಚ್‌ಆರ್‌ನಿಂದ ಮೇಲ್: 108 ಸೂರ್ಯನಮಸ್ಕಾರ ಚಾಲೆಂಜ್, ಟೀಶರ್ಟ್ ಫ್ರೀ. ವರ್ಷವಿಡೀ ಮೌಸ್ ಹಿಡಿದು ಮಣಿಕಟ್ಟು ನೋಯ್ತಿರೋರು ಒಂದೇ ಬೆಳಿಗ್ಗೆ 108 ಸಲ ಇಡೀ ಮೈಭಾರ ಅದೇ ಮಣಿಕಟ್ಟಿನ ಮೇಲೆ ಹಾಕ್ತಾರೆ. ಲೋಡ್ ಟೆಸ್ಟ್ ಮಾಡದೆ ಇಷ್ಟು ಟ್ರಾಫಿಕ್ ಬಿಡ್ತೀವಾ ನಾವು? ಬಿಸಿ ಮಾಡಿದ ಕೋಣೆಯ ಯೋಗ ಇನ್ನೊಂದು. ಶಾಖಕ್ಕೆ ಸ್ನಾಯು ಸಡಿಲವಾಗಿ ಇರೋದಕ್ಕಿಂತ ಜಾಸ್ತಿ ಬಗ್ಗುತ್ತೆ, ಎಲ್ಲಿ ನಿಲ್ಲಿಸಬೇಕು ಅಂತ ಮೈ ಹೇಳೋದು ಕೇಳಿಸೋದೇ ಇಲ್ಲ. ಬೆಂಗಳೂರಿನ ಏಪ್ರಿಲ್‌ನಲ್ಲಿ ಅದಕ್ಕೂ ದುಡ್ಡು ಕೊಡೋರಿದ್ದಾರೆ, ಇರಲಿ.

ಹಂಗಾದ್ರೆ ಆರಿಸೋದು ಹೇಗೆ? ಬೋರ್ಡು ಬಿಡಿ, ವೆಬ್‌ಸೈಟ್ ಬಿಡಿ. ಒಂದು ಕ್ಲಾಸು ನಡೆಯೋವಾಗ ಹಿಂದೆ ಕೂತು ನೋಡೋಕೆ ಬಿಡ್ತಾರಾ ಕೇಳಿ. ಟೀಚರ್ ತಮ್ಮ ಮ್ಯಾಟ್ ಬಿಟ್ಟು ಎಷ್ಟು ಸಲ ಎದ್ದು ಓಡಾಡಿದರು ಅಂತ ಎಣಿಸಿ. ಗೋಡೆ ಪಕ್ಕ ಕುರ್ಚಿ, ಕಂಬಳಿ ಇದೆಯಾ, ಅದನ್ನ ಯಾರಾದ್ರೂ ಸಂಕೋಚ ಇಲ್ಲದೆ ಬಳಸ್ತಿದ್ದಾರಾ ನೋಡಿ. ಮೂಲೆಯಲ್ಲಿರೋ ದಪ್ಪನೆಯ ಮನುಷ್ಯನಿಗೆ, ವಯಸ್ಸಾದ ಹೆಂಗಸಿಗೆ ಅದೇ ಆಸನದ ಬೇರೆ ದಾರಿ ತೋರಿಸಿದರಾ, ಇಲ್ಲ ‘ಟ್ರೈ ಮಾಡಿ, ಟ್ರೈ ಮಾಡಿ’ ಅಂದು ಮುಂದೆ ಹೋದರಾ? ನಿಮಗೆ ಬೀಪಿ, ಡಿಸ್ಕ್, ಗರ್ಭ, ಹರ್ನಿಯಾ ಏನೇ ಇದ್ದರೂ ಅವರು ಕೇಳದಿದ್ದರೂ ನೀವೇ ಹೇಳಿ, ಹೇಳಿದಾಗ ಅವರು ಮರುಪ್ರಶ್ನೆ ಕೇಳ್ತಾರಾ ಗಮನಿಸಿ. ‘ಯೋಗದಿಂದ ಎಲ್ಲಾ ವಾಸಿಯಾಗುತ್ತೆ ಬಿಡಿ’ ಅಂದರೆ ಚಪ್ಪಲಿ ಹಾಕ್ಕೊಂಡು ಹೊರಡಿ. ‘ಡಾಕ್ಟರ್ ಏನಂದಿದ್ದಾರೆ, ರಿಪೋರ್ಟ್ ಇದೆಯಾ’ ಅಂತ ಕೇಳಿದರೆ ಚಪ್ಪಲಿ ಬಿಟ್ಟು ಒಳಗೆ ಹೋಗಿ.

ಟ್ರಯಲ್ ಕ್ಲಾಸಿನಲ್ಲಿ ಇನ್ನೊಂದು ಮಾಡಿ. ಮಧ್ಯದಲ್ಲಿ ಒಂದು ಆಸನಕ್ಕೆ ‘ಇದು ಇವತ್ತು ಮಾಡಲ್ಲ ಸರ್’ ಅಂತ ಸುಮ್ಮನೆ ಕೂತುಬಿಡಿ. ಆಮೇಲೆ ಅವರ ಮುಖ ನೋಡಿ.